ಬಿ.ಎಸ್ಸಿ. ಗಣಿತದಲ್ಲಿ ತೊಂಬತ್ತು ಬಂದಿದೆ, ಎಂ.ಎಸ್ಸಿ.ಗೆ ಹೋಗಲೇ?

ಪ್ರಶ್ನೆ: ಶಿರಸಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಗಣಿತದಲ್ಲಿ ಪ್ರತಿ ಸೆಮಿಸ್ಟರ್‌ ತೊಂಬತ್ತರ ಮೇಲೆ ಅಂಕ ಬಂದಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಎಂ.ಎಸ್ಸಿ. ಗಣಿತ ಮಾಡುವ ಆಸೆ. ಮನೆಯಲ್ಲಿ ‘ಮೇಷ್ಟ್ರಾಗುವುದು ಬಿಟ್ಟರೆ ಅದರಲ್ಲಿ ಬೇರೇನಿದೆ, ಬಿ.ಇಡಿ. ಮಾಡು, ಇಲ್ಲವೇ ಎಂ.ಸಿ.ಎ. ಮಾಡು’ ಎನ್ನುತ್ತಾರೆ. ಎಂ.ಎಸ್ಸಿ. ಎಷ್ಟು ಕಷ್ಟ? ಎಲ್ಲಿ ಓದಬೇಕು? ಮುಂದೆ ಯಾವ ಕೆಲಸ ಸಿಗುತ್ತದೆ?

ಉತ್ತರ: ಅಂಕದ ಮಾತನ್ನು ಮೊದಲು ಪಕ್ಕಕ್ಕಿಡೋಣ. ಬಿ.ಎಸ್ಸಿ.ಯ ತೊಂಬತ್ತು ಅಂಕ ನೀವು ಶ್ರದ್ಧೆಯಿಂದ ಓದುತ್ತೀರಿ, ಲೆಕ್ಕ ತಪ್ಪುವುದಿಲ್ಲ ಎಂದಷ್ಟೇ ಹೇಳುತ್ತದೆ. ಎಂ.ಎಸ್ಸಿ.ಯಲ್ಲಿ ಕೇಳುವ ಕೆಲಸವೇ ಬೇರೆ. ಬಿ.ಎಸ್ಸಿ.ಯಲ್ಲಿ ‘ಈ ಇಂಟಿಗ್ರಲ್ ಬಿಡಿಸಿ’, ‘ಈ ಸಮೀಕರಣದ ಪರಿಹಾರ ಕಂಡುಹಿಡಿಯಿರಿ’ ಎಂದು ಕೇಳುತ್ತಾರೆ. ಪ್ರಮೇಯಗಳೂ ಇರುತ್ತವೆ, ಆದರೆ ಹತ್ತಿಪ್ಪತ್ತನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ದಾಟಬಹುದು. ಎಂ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲೇ ರಿಯಲ್ ಅನಾಲಿಸಿಸ್, ಅಲ್ಜೀಬ್ರಾ, ಲೀನಿಯರ್ ಅಲ್ಜೀಬ್ರಾ ಒಟ್ಟಿಗೆ ಬರುತ್ತವೆ. ಅಲ್ಲಿಂದ ಮುಂದೆ ನೀವು ಹಿಂದೆಂದೂ ಕಾಣದ ಹೇಳಿಕೆಯೊಂದನ್ನು ಕೊಟ್ಟು ‘ಸರಿಯಾದರೆ ಸಾಧಿಸಿ, ತಪ್ಪಾದರೆ ಪ್ರತ್ಯುದಾಹರಣೆ ಕೊಡಿ’ ಎನ್ನುತ್ತಾರೆ. ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನದಲ್ಲಿದ್ದವರೂ ಎಡವುವುದು ಇಲ್ಲೇ. ಆದ್ದರಿಂದ ಎಂ.ಎಸ್ಸಿ. ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದನ್ನು ಸೇರಿದ ಮೇಲಲ್ಲ, ಈಗಲೇ ನೋಡಿಕೊಳ್ಳಬಹುದು. ಅದಕ್ಕೆ ನಾಲ್ಕು ತಿಂಗಳು ಸಾಕು.

ಹೀಗೆ ಶುರು ಮಾಡಿ. √2 ಅಪರಿಮೇಯ (ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ) ಎಂಬ ಸಾಧನೆ (ಪ್ರೂಫ್) ನಿಮಗೆ ಗೊತ್ತು. ಪುಸ್ತಕ ಮುಚ್ಚಿ ಅದೇ ದಾರಿಯಲ್ಲಿ √3 ಅಪರಿಮೇಯ ಎಂದು ಬರೆಯಿರಿ. ಆಮೇಲೆ √4ಕ್ಕೂ ಅದನ್ನೇ ಬರೆಯಲು ಹೊರಡಿ. √4 ಎಂದರೆ 2, ಅಪರಿಮೇಯವಲ್ಲ. ಹಾಗಾದರೆ ನಿಮ್ಮ ಸಾಧನೆ ಯಾವ ಸಾಲಿನಲ್ಲಿ ಮುರಿಯಿತು? ‘ಒಂದು ಸಂಖ್ಯೆಯ ವರ್ಗವನ್ನು 3 ಭಾಗಿಸಿದರೆ ಆ ಸಂಖ್ಯೆಯನ್ನೂ 3 ಭಾಗಿಸುತ್ತದೆ’ ಎಂಬ ಸಾಲು 3ಕ್ಕೆ ನಿಜ. 4ಕ್ಕೆ ನಿಜವಲ್ಲ: 2ರ ವರ್ಗವನ್ನು 4 ಭಾಗಿಸುತ್ತದೆ, 2ನ್ನು ಭಾಗಿಸುವುದಿಲ್ಲ. ಮುರಿದ ಸಾಲನ್ನು ನೀವೇ ಹುಡುಕಿ ಹಿಡಿದಾಗ ಖುಷಿಯಾದರೆ ಒಳ್ಳೆಯ ಲಕ್ಷಣ. ‘ಇದೆಲ್ಲ ಯಾಕೆ, ಉತ್ತರ ಗೊತ್ತಲ್ಲ’ ಅನ್ನಿಸಿದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಎರಡು ವರ್ಷ ಬೆಳಗಿನಿಂದ ಸಂಜೆವರೆಗೆ ಇದೇ ಕೆಲಸ.

ಇನ್ನೊಂದು: ಒಂದು ಸೀಕ್ವೆನ್ಸಿನ ಅಕ್ಕಪಕ್ಕದ ಪದಗಳ ಅಂತರ ಸೊನ್ನೆಯ ಕಡೆಗೆ ಹೋಗುತ್ತಿದ್ದರೆ ಆ ಸೀಕ್ವೆನ್ಸ್ ಒಂದು ಮಿತಿಗೆ ಬಂದು ನಿಲ್ಲಲೇಬೇಕೇ? ಬಹಳ ಮಂದಿ ಹೌದು ಎನ್ನುತ್ತಾರೆ. √1, √2, √3, √4 ಎಂದು ಬರೆಯುತ್ತಾ ಹೋಗಿ. √100 ಮತ್ತು √101ರ ಅಂತರ 0.05ಕ್ಕಿಂತ ಕಡಿಮೆ, √10000 ಮತ್ತು √10001ರ ಅಂತರ 0.005ಕ್ಕಿಂತ ಕಡಿಮೆ. ಅಂತರ ಸವೆಯುತ್ತಲೇ ಹೋಗುತ್ತದೆ, ಸೀಕ್ವೆನ್ಸ್ ಮಾತ್ರ ಎಲ್ಲಿಯೂ ನಿಲ್ಲದೆ ಏರುತ್ತದೆ. ಇಂಥ ಹತ್ತು ಪ್ರತ್ಯುದಾಹರಣೆಗಳು ಕೈಯಲ್ಲಿದ್ದರೆ ಅನಾಲಿಸಿಸ್‌ನ ಅರ್ಧ ಭಯ ಹೋಗುತ್ತದೆ.

ಅತಿ ಹೆಚ್ಚು ಜನ ಸಿಕ್ಕಿಬೀಳುವ ಜಾಗ ‘ಪ್ರತಿ’ ಮತ್ತು ‘ಒಂದು’ ಎಂಬ ಪದಗಳ ಅನುಕ್ರಮ. ನಿಮ್ಮ ಸೀಮೆಯ ಮಾತಿನಲ್ಲೇ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ಇಟ್ಟುಕೊಂಡು ಹೇಳುವುದಾದರೆ, ‘ತೋಟದ ಪ್ರತಿ ಮರಕ್ಕೂ ಅದನ್ನು ಹತ್ತಬಲ್ಲ ಒಬ್ಬ ಕೊನೆಗೌಡ ಇದ್ದಾನೆ’ ಎನ್ನುವುದು ಒಂದು ಮಾತು. ‘ತೋಟದ ಎಲ್ಲ ಮರಗಳನ್ನೂ ಹತ್ತಬಲ್ಲ ಕೊನೆಗೌಡ ಒಬ್ಬ ಇದ್ದಾನೆ’ ಎನ್ನುವುದು ಬೇರೆ ಮಾತು. ಮೊದಲನೆಯದರಲ್ಲಿ ಮರ ಬದಲಾದರೆ ಆಳೂ ಬದಲಾಗಬಹುದು. ಎರಡನೆಯದರಲ್ಲಿ ಒಬ್ಬನೇ ಎಲ್ಲಕ್ಕೂ ಸಾಕು. ಕಂಟಿನ್ಯೂಟಿಗೂ ಯೂನಿಫಾರ್ಮ್ ಕಂಟಿನ್ಯೂಟಿಗೂ ಇರುವ ವ್ಯತ್ಯಾಸ ಇಷ್ಟೇ: ಡೆಲ್ಟಾ, ಅಂದರೆ ಫಂಕ್ಷನ್ ಹೆಚ್ಚು ಜಿಗಿಯದಂತೆ ನಾವು ಸರಿಯಬಹುದಾದ ದೂರ, ಪ್ರತಿ ಬಿಂದುವಿಗೆ ಬೇರೆಯಾಗಬಹುದೋ, ಅಥವಾ ಒಂದೇ ಡೆಲ್ಟಾ ಎಲ್ಲ ಬಿಂದುಗಳಿಗೂ ಸಾಕಾಗುತ್ತದೋ. ಸಂಖ್ಯೆಯನ್ನು ಅದರ ವರ್ಗಕ್ಕೆ ಒಯ್ಯುವ ಫಂಕ್ಷನ್ ತೆಗೆದುಕೊಳ್ಳಿ. 100ರಿಂದ 0.01ರಷ್ಟು ಸರಿದರೆ ವರ್ಗ 2ಕ್ಕಿಂತ ತುಸು ಹೆಚ್ಚು ಜಿಗಿಯುತ್ತದೆ. 1000ದಿಂದ ಅದರ ಹತ್ತನೇ ಒಂದು ಪಾಲು, 0.001ರಷ್ಟೇ ಸರಿದರೂ ಜಿಗಿತ ಅಷ್ಟೇ. ದೂರ ಹೋದಂತೆ ಡೆಲ್ಟಾ ಕಿರಿದಾಗುತ್ತಲೇ ಹೋಗಬೇಕು, ಎಲ್ಲಕ್ಕೂ ಸಲ್ಲುವ ಒಂದು ಡೆಲ್ಟಾ ಸಿಗುವುದಿಲ್ಲ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದವರಿಗೆ ಈ ಅನುಕ್ರಮ ಪರೀಕ್ಷೆಯ ದಿನ ತಿರುಗುಮುರುಗಾಗುತ್ತದೆ. ಕೊನೆಗೌಡನನ್ನು ನೆನಪಿಟ್ಟವರಿಗೆ ಆಗುವುದಿಲ್ಲ.

ಬರೆಯುವಾಗ ಆಗುವ ದೊಡ್ಡ ತಪ್ಪು, ಸಾಧಿಸಬೇಕಾದ್ದನ್ನೇ ಮೊದಲ ಸಾಲಿನಲ್ಲಿ ಬರೆದು, ಎರಡೂ ಬದಿ ಏನೇನೋ ಮಾಡಿ, ಕೊನೆಗೆ 0 = 0 ತಲುಪಿ ‘ಸಾಧಿಸಿದೆ’ ಎನ್ನುವುದು. 1 = −1 ಎಂದು ಬರೆದು ಎರಡೂ ಬದಿ ವರ್ಗ ಮಾಡಿದರೂ 1 = 1 ಸಿಗುತ್ತದೆ! ಗೊತ್ತಿದ್ದದ್ದರಿಂದ ಹೊರಟು ಗೊತ್ತಿಲ್ಲದ್ದಕ್ಕೆ ಬರಬೇಕು. ಹಿಂದುಮುಂದಾಗಿ ಯೋಚಿಸಿ ದಾರಿ ಹುಡುಕಬಹುದು, ಆದರೆ ಕಾಗದದ ಮೇಲೆ ನೇರವಾಗಿಯೇ ಬರೆಯಬೇಕು.

ವಾರಕ್ಕೆ ಐದು ಸಾಧನೆ ಸಾಕು. ಒಂದಕ್ಕೆ ನಲವತ್ತು ನಿಮಿಷ ಕೊಡಿ. ಬರದಿದ್ದರೆ ಮರುದಿನ ಮತ್ತೆ ನೋಡಿ, ಆಮೇಲಷ್ಟೇ ಪುಸ್ತಕ ತೆರೆಯಿರಿ. ಬರೆದದ್ದನ್ನು ಎರಡು ದಿನ ಬಿಟ್ಟು ಓದಿ, ಪ್ರತಿ ಸಾಲಿಗೂ ‘ಇದು ಎಲ್ಲಿಂದ ಬಂತು’ ಎಂದು ಕೇಳಿ. ಸಾಧ್ಯವಾದರೆ ಇನ್ನೊಬ್ಬರಿಗೆ ಬೋರ್ಡಿನ ಮೇಲೆ ಹೇಳಿ, ತೂತು ಇದ್ದರೆ ಅಲ್ಲಿಯೇ ಕಾಣುತ್ತದೆ. ಉಪನ್ಯಾಸ ಬೇಕಾದರೆ, ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮತ್ತು ಐಐಎಸ್‌ಸಿ ಪ್ರಾಧ್ಯಾಪಕರ ರಿಯಲ್ ಅನಾಲಿಸಿಸ್, ಲೀನಿಯರ್ ಅಲ್ಜೀಬ್ರಾ ಕೋರ್ಸುಗಳಿವೆ, ನೋಡಲು ಹಣ ಕೊಡಬೇಕಿಲ್ಲ. ಆದರೆ ವಿಡಿಯೊ ನೋಡಿದ್ದನ್ನು ಓದಿದ್ದು ಎಂದು ಲೆಕ್ಕ ಹಾಕಬೇಡಿ. ಪೆನ್ನು ಹಿಡಿಯದ ಗಂಟೆ ಗಣಿತದ ಗಂಟೆಯಲ್ಲ.

ಬೇಸಿಗೆಯಲ್ಲಿ ನಡೆಯುವ ಎಂ.ಟಿ.ಟಿ.ಎಸ್. ಎಂಬ ಗಣಿತ ತರಬೇತಿ ಶಿಬಿರದ ಹೆಸರು ಬರೆದಿಟ್ಟುಕೊಳ್ಳಿ. 1993ರಿಂದ ನಡೆಯುತ್ತಿರುವ ಇದರಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಹಂತಹಂತವಾಗಿ ಕೂರಿಸಿ, ಪ್ರಶ್ನೆ ಕೇಳುತ್ತಾ, ಅವರಿಂದಲೇ ಉತ್ತರ ಹೊರಡಿಸುವ ರೀತಿಯಲ್ಲಿ ಕಲಿಸುತ್ತಾರೆ. ಸಣ್ಣ ಊರಿನ ಕಾಲೇಜಿನಿಂದ ಹೋಗುವವರಿಗೆ ಎಂ.ಎಸ್ಸಿ. ಹೇಗಿರುತ್ತದೆ ಎಂಬ ರುಚಿ ಇದಕ್ಕಿಂತ ಚೆನ್ನಾಗಿ ಸಿಗುವ ಜಾಗ ಕಡಿಮೆ.

ಕನ್ನಡ ಮಾಧ್ಯಮದ ಚಿಂತೆ ಬಿಡಿ. ಗಣಿತದ ಇಂಗ್ಲಿಷ್‌ನಲ್ಲಿ ಬೇಕಾಗುವ ಪದಗಳು ಮುನ್ನೂರರ ಆಸುಪಾಸು, ವಾಕ್ಯದ ಅಚ್ಚುಗಳು ಮೂವತ್ತು. ಆ ಅಚ್ಚುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವುಗಳಲ್ಲೇ ಸಾಧನೆ ಬರೆಯುವ ಅಭ್ಯಾಸ ಮಾಡಿ. ಯೋಚನೆ ಕನ್ನಡದಲ್ಲೇ ನಡೆಯಲಿ, ನಷ್ಟವೇನಿಲ್ಲ.

ಇನ್ನು ಎಲ್ಲಿ ಓದಬೇಕು ಎಂಬುದು. ಉತ್ತರ ಕನ್ನಡದ ಪದವಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯವು, ಹಾಗಾಗಿ ಧಾರವಾಡ ಸಹಜವಾದ ಮೊದಲ ದಾರಿ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು, ಹಾಸ್ಟೆಲ್ ಸಿಕ್ಕರೆ ಖರ್ಚು ಕೈಗೆಟಕುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಕೊಂಕಣ ರೈಲು ಇರುವುದರಿಂದ ಉತ್ತರಕ್ಕೆ ಗೋವಾ ವಿಶ್ವವಿದ್ಯಾಲಯ, ದಕ್ಷಿಣಕ್ಕೆ ಸುರತ್ಕಲ್‌ನ ಎನ್‌ಐಟಿಕೆ ಮತ್ತು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಹತ್ತಿರವಾಗುತ್ತವೆ. ಹೈದರಾಬಾದ್ ವಿಶ್ವವಿದ್ಯಾಲಯ, ಕಲಬುರಗಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು.

ಆದರೆ ನಿಮ್ಮಂಥವರು ಒಮ್ಮೆ ಪ್ರಯತ್ನಿಸಲೇಬೇಕಾದ ಪರೀಕ್ಷೆ ಜ್ಯಾಮ್. ಐಐಟಿಗಳ ಎಂ.ಎಸ್ಸಿ., ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌.ಡಿ., ಎನ್‌ಐಟಿಗಳ ಎಂ.ಎಸ್ಸಿ. ಎಲ್ಲಕ್ಕೂ ಇದೊಂದೇ ಬಾಗಿಲು. ಅರ್ಜಿ ಹಾಕುವುದು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಅಂದರೆ ಕೊನೆಯ ವರ್ಷದ ಐದನೇ ಸೆಮಿಸ್ಟರಿನಲ್ಲೇ ಅರ್ಜಿ ಹೋಗಬೇಕು. ಡಿಗ್ರಿ ಮುಗಿಸಿ ನೋಡೋಣ ಎಂದವರಿಗೆ ಒಂದು ವರ್ಷ ಹೋಯಿತು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೊದಲ ಭಾಗದ 30 ಪ್ರಶ್ನೆಗಳಿಗೆ ಒಂದೇ ಸರಿ ಉತ್ತರ, ತಪ್ಪಿದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಎರಡನೇ ಭಾಗದ 10 ಪ್ರಶ್ನೆಗಳಿಗೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು. ಎಲ್ಲ ಸರಿ ಉತ್ತರಗಳನ್ನು ಗುರುತಿಸಿದರೆ ಮಾತ್ರ ಅಂಕ, ಅರ್ಧಂಬರ್ಧಕ್ಕೆ ಏನೂ ಇಲ್ಲ. ಮೂರನೇ ಭಾಗದ 20 ಪ್ರಶ್ನೆಗಳಿಗೆ ಸಂಖ್ಯೆಯನ್ನೇ ಟೈಪ್ ಮಾಡಬೇಕು. ಕೊನೆಯ ಎರಡು ಭಾಗಗಳಲ್ಲಿ ಅಂಕ ಕಳೆಯುವುದಿಲ್ಲ, ಆದ್ದರಿಂದ ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪಠ್ಯ ಮೂರೇ ಗುಂಪು: ರಿಯಲ್ ಅನಾಲಿಸಿಸ್, ಬಹುಚರ ಕ್ಯಾಲ್ಕುಲಸ್ ಮತ್ತು ಡಿಫರೆನ್ಷಿಯಲ್ ಸಮೀಕರಣ, ಲೀನಿಯರ್ ಅಲ್ಜೀಬ್ರಾ ಮತ್ತು ಗ್ರೂಪ್ ಸಿದ್ಧಾಂತ. ಎಲ್ಲವೂ ನಿಮ್ಮ ಬಿ.ಎಸ್ಸಿ.ಯಲ್ಲಿ ಇದ್ದದ್ದೇ, ಪ್ರಶ್ನೆಯ ಆಳ ಮಾತ್ರ ಬೇರೆ. ಎರಡನೇ ಭಾಗದಲ್ಲಿ ಮೇಲೆ ಹೇಳಿದ ಪ್ರತ್ಯುದಾಹರಣೆಗಳೇ ಕೈ ಹಿಡಿಯುವುದು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಂ.ಮ್ಯಾಥ್ ಮತ್ತು ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಪ್ರತ್ಯೇಕ ಪ್ರವೇಶ ಪರೀಕ್ಷೆಗಳಿವೆ. ಅಲ್ಲಿ ಸಾಧನೆಯನ್ನು ಬರೆದೇ ತೋರಿಸಬೇಕು, ಮಟ್ಟವೂ ಜ್ಯಾಮ್‌ಗಿಂತ ಮೇಲು.

ಸಂಸ್ಥೆಯ ಹೆಸರಿಗಿಂತ ಒಂದು ವಿಷಯ ಹೆಚ್ಚು ನೋಡಿ: ಆ ವಿಭಾಗದಲ್ಲಿ ಐಚ್ಛಿಕ ವಿಷಯ ಯಾವುವು? ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಗ್ರಾಫ್ ಥಿಯರಿ, ಫ್ಲೂಯಿಡ್ ಮೆಕ್ಯಾನಿಕ್ಸ್ ಕಲಿಸುವವರು ಸುಲಭವಾಗಿ ಸಿಗುತ್ತಾರೆ. ಸಂಭವನೀಯತೆ, ಸಂಖ್ಯಾಶಾಸ್ತ್ರ, ಆಪ್ಟಿಮೈಸೇಶನ್ ಎಲ್ಲ ಕಡೆ ಇರುವುದಿಲ್ಲ. ಬೋಧನೆಯ ಆಚೆಗಿನ ಕೆಲಸಕ್ಕೆ ಬೇಕಾಗುವುದು ಈ ಎರಡನೇ ಗುಂಪೇ. ಇಲ್ಲದಿದ್ದರೆ ನೀವೇ ಹೊರಗಿನಿಂದ ಕಲಿತುಕೊಳ್ಳಬೇಕು.

ಕೆಲಸದ ಮಾತಿಗೆ ಬರೋಣ. ಎಂ.ಎಸ್ಸಿ. ಗಣಿತ ಎಂಬ ಕಾಗದ ಒಂದನ್ನೇ ನೋಡಿ ಕೆಲಸ ಕೊಡುವವರು ಕಡಿಮೆ. ಅದರ ಜೊತೆಗೆ ಪ್ರತಿಯೊಂದು ದಾರಿಯೂ ಇನ್ನೇನನ್ನೋ ಕೇಳುತ್ತದೆ. ಆ ‘ಇನ್ನೇನೋ’ ಯಾವುದೆಂದು ಎಂ.ಎಸ್ಸಿ. ಮೊದಲ ವರ್ಷದಲ್ಲೇ ತಿಳಿದಿದ್ದರೆ ತೊಂದರೆಯಿಲ್ಲ, ಕೊನೆಯ ಸೆಮಿಸ್ಟರಿನಲ್ಲಿ ತಿಳಿದರೆ ತಡವಾಯಿತು.

ಮನೆಯವರು ಹೇಳುವ ಮೇಷ್ಟ್ರ ಕೆಲಸ ಒಂದೇ ಕೆಲಸವಲ್ಲ, ಮೂರು ಬೇರೆ ಬೇರೆ ಅರ್ಹತೆಗಳು. ಹೈಸ್ಕೂಲಿಗೆ ಬಿ.ಎಸ್ಸಿ. ಜೊತೆ ಬಿ.ಇಡಿ. ಸಾಕು, ಎಂ.ಎಸ್ಸಿ. ಬೇಕಾಗಿಲ್ಲ. ಪಿಯು ಉಪನ್ಯಾಸಕರಿಗೆ ಸ್ನಾತಕೋತ್ತರ ಪದವಿಯಲ್ಲಿ 55 ಶೇಕಡಾ ಮತ್ತು ಬಿ.ಇಡಿ. ಕೈಗಾದ ಅಣುಶಕ್ತಿ ಕೇಂದ್ರೀಯ ವಿದ್ಯಾಲಯ, ಕಾರವಾರದ ಕೇಂದ್ರೀಯ ವಿದ್ಯಾಲಯದಂಥ ಕಡೆ ಹನ್ನೊಂದು–ಹನ್ನೆರಡನೇ ತರಗತಿಗೆ ಕಲಿಸುವ ಹುದ್ದೆಗೂ ಎಂ.ಎಸ್ಸಿ., ಬಿ.ಇಡಿ. ಎರಡೂ ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ಬಿ.ಇಡಿ. ಲೆಕ್ಕಕ್ಕೇ ಇಲ್ಲ. ಅಲ್ಲಿ ಎನ್‌ಇಟಿ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಅಥವಾ ಪಿಎಚ್‌.ಡಿ. ಕೇಳುತ್ತಾರೆ. ಯುಜಿಸಿ ವೇತನ ಶ್ರೇಣಿಯಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ. ಆದ್ದರಿಂದ ಪದವಿ ಕಾಲೇಜಿನಲ್ಲಿ ಕಲಿಸುವ ಮನಸ್ಸಿದ್ದರೆ ಬಿ.ಇಡಿ.ಗೆ ಎರಡು ವರ್ಷ ಕೊಡುವುದಕ್ಕಿಂತ ಎನ್‌ಇಟಿ ಓದಿ. ಶಾಲೆ ಅಥವಾ ಪಿಯು ಎಂದಾದರೆ ಬಿ.ಇಡಿ. ತಪ್ಪದು. ಯಾವುದೆಂದು ತೀರ್ಮಾನಿಸದೆ ಎರಡನ್ನೂ ಅರ್ಧ ಮಾಡುವವರೇ ಹೆಚ್ಚು.

ಗಣಿತದ ಎನ್‌ಇಟಿಯನ್ನು ಸಿಎಸ್‌ಐಆರ್ ಹೆಸರಿನಲ್ಲಿ ವರ್ಷಕ್ಕೆ ಎರಡು ಬಾರಿ ನಡೆಸುತ್ತಾರೆ, ಒಟ್ಟು 200 ಅಂಕ. ಮೊದಲ ಭಾಗ ಸಾಮಾನ್ಯ ಲೆಕ್ಕ ಮತ್ತು ತರ್ಕ, 15 ಪ್ರಶ್ನೆ ಬಿಡಿಸಬೇಕು, ತಲಾ 2 ಅಂಕ. ಎರಡನೇ ಭಾಗದಲ್ಲಿ 25, ತಲಾ 3 ಅಂಕ. ಮೂರನೆಯದರಲ್ಲಿ 20, ತಲಾ 4.75 ಅಂಕ. ಅರ್ಧದ ಹತ್ತಿರದಷ್ಟು ಅಂಕ ಈ ಮೂರನೇ ಭಾಗದಲ್ಲೇ ಇದೆ. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದರೆ ಸರಿಯಾದ ಆಯ್ಕೆಗಳನ್ನೆಲ್ಲ ಗುರುತಿಸಬೇಕು. ಮೊದಲ ಭಾಗವನ್ನು ‘ಸುಲಭ’ ಎಂದು ಕಡೆಗಣಿಸಿ 30 ಅಂಕ ಕೈಬಿಡುವುದು ಸಾಮಾನ್ಯ ತಪ್ಪು. ಅನಾಲಿಸಿಸ್ ಮತ್ತು ಲೀನಿಯರ್ ಅಲ್ಜೀಬ್ರಾ ಗಟ್ಟಿಯಿಲ್ಲದೆ ಟೋಪಾಲಜಿ ಹಿಡಿದು ಕೂರುವುದು ಇನ್ನೊಂದು. ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು, ಆದರೆ ಎಂ.ಎಸ್ಸಿ.ಯಲ್ಲಿ 55 ಶೇಕಡಾ ಬರಲೇಬೇಕು (ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರಿಗೆ 50). 54.9 ಅನ್ನು 55 ಎಂದು ಎಣಿಸುವುದಿಲ್ಲ. ಕೆ-ಸೆಟ್ ಕರ್ನಾಟಕದೊಳಗೆ ಮಾತ್ರ ಸಲ್ಲುತ್ತದೆ. ಕಾರವಾರದವರಿಗೆ ಗೋವಾದ ಕಾಲೇಜುಗಳು ಹತ್ತಿರ ಕಾಣುತ್ತವೆ, ಆದರೆ ಅಲ್ಲಿ ಕೆ-ಸೆಟ್ ನಡೆಯುವುದಿಲ್ಲ. ಮೇಲಾಗಿ ಅಲ್ಲಿನ ಸರ್ಕಾರಿ ಹುದ್ದೆಗಳಿಗೆ ಕೊಂಕಣಿ ಜ್ಞಾನದ ಜೊತೆ 15 ವರ್ಷದ ವಾಸ್ತವ್ಯದ ಪ್ರಮಾಣಪತ್ರ ಕೇಳುತ್ತಾರೆ. ಕೊಂಕಣಿ ಬರುತ್ತದೆ ಎಂಬುದೊಂದೇ ಸಾಲದು. ಸರ್ಕಾರಿ ಕಾಲೇಜುಗಳ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ, ನಡುವಿನ ಕಾಲವನ್ನು ಅತಿಥಿ ಉಪನ್ಯಾಸಕರಾಗಿ ಕಳೆಯುವವರು ಬಹಳ. ಒಂದೆರಡು ವರ್ಷಕ್ಕೆ ಅಡ್ಡಿಯಿಲ್ಲ. ಎನ್‌ಇಟಿ ಆಗದೆ ಅದರಲ್ಲೇ ಉಳಿಯುವುದು ಮಾತ್ರ ಕೆಸರಿನಲ್ಲಿ ಕಾಲಿಟ್ಟಂತೆ.

ಎನ್‌ಇಟಿಯಲ್ಲಿ ಜೆಆರ್‌ಎಫ್ (ಸಂಶೋಧನಾ ಶಿಷ್ಯವೇತನ) ಬಂದರೆ ಸಂಶೋಧನೆಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅಣುಶಕ್ತಿ ಇಲಾಖೆಯಡಿಯ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯೂ ಪಿಎಚ್‌.ಡಿ.ಗೆ ವಿದ್ಯಾರ್ಥಿವೇತನ ಕೊಡುತ್ತದೆ. ಪಿಎಚ್‌.ಡಿ. ಅಂದರೆ ಐದು ವರ್ಷ, ಕೆಲವೊಮ್ಮೆ ಆರು. ಒಂದೇ ಪ್ರಶ್ನೆಯ ಮೇಲೆ ಎಂಟು ತಿಂಗಳು ಏನೂ ಹೊಳೆಯದೆ ಕೂತಿರಬಲ್ಲಿರಾದರೆ ಮಾತ್ರ ಆ ಕಡೆ.

ಬೋಧನೆಯ ಆಚೆ ಈಗ ಹೆಚ್ಚು ಅವಕಾಶ ಇರುವುದು ದತ್ತಾಂಶದ ಕೆಲಸದಲ್ಲಿ: ಬ್ಯಾಂಕು, ವಿಮೆ, ಇ-ವಾಣಿಜ್ಯ, ಬೆಂಗಳೂರಿನ ಅನಾಲಿಟಿಕ್ಸ್ ಕಂಪನಿಗಳು. ಅಲ್ಲಿ ಎಂ.ಎಸ್ಸಿ. ಗಣಿತದವರ ಬಲ ಲೀನಿಯರ್ ಅಲ್ಜೀಬ್ರಾ ಮತ್ತು ಸಂಭವನೀಯತೆ. ಕೊರತೆ ಪ್ರೋಗ್ರಾಮಿಂಗ್ ಮತ್ತು ಕೊಳಕು ದತ್ತಾಂಶವನ್ನು ಕೈಯಿಂದ ಮುಟ್ಟಿದ ಅನುಭವ. ಪೈಥಾನ್ ಮತ್ತು ಎಸ್‌ಕ್ಯುಎಲ್ (ದತ್ತಾಂಶ ಹೊರತೆಗೆಯುವ ಭಾಷೆ) ಕಲಿಯಲು ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಬೇಕು. ಪ್ರಮಾಣಪತ್ರಗಳನ್ನು ಗುಡ್ಡೆ ಹಾಕುವುದಕ್ಕಿಂತ ಒಂದು ಕೆಲಸವನ್ನು ಪೂರ್ತಿ ಮಾಡಿ ತೋರಿಸಿ. ಶಿರಸಿಯಲ್ಲಿದ್ದು ವಿಷಯ ಹುಡುಕಬೇಕಿಲ್ಲ. ಎಪಿಎಂಸಿ ಅಡಿಕೆ ಧಾರಣೆ ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿ ದಿನದಿನವೂ ಸಿಗುತ್ತದೆ: ಆವಕ, ಕನಿಷ್ಠ, ಗರಿಷ್ಠ, ಮಾದರಿ ಬೆಲೆ. ಐದು ವರ್ಷದ್ದನ್ನು ಇಳಿಸಿಕೊಂಡು ಬೆಲೆಯ ಏರಿಳಿತ ವಿಶ್ಲೇಷಿಸಿ. ಎಲ್ಲಿ ತಪ್ಪುತ್ತದೆ ಎಂದರೆ, ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಎಂಬ ಅಡಿಕೆಯ ಬಗೆಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೆಲೆ ಬದಲಾಗದೆಯೂ ಸರಾಸರಿ ಕುಣಿಯುತ್ತದೆ. ಆ ದಿನ ಯಾವ ಬಗೆ ಹೆಚ್ಚು ಬಂತು ಎಂಬುದೇ ಅದರ ಕಾರಣ. ಎರಡು ಕ್ವಿಂಟಲ್ ಬಂದ ದಿನಕ್ಕೂ ಇನ್ನೂರು ಕ್ವಿಂಟಲ್ ಬಂದ ದಿನಕ್ಕೂ ಒಂದೇ ತೂಕ ಕೊಟ್ಟರೆ ಇನ್ನೊಂದು ತಪ್ಪು. ಮಾರುಕಟ್ಟೆಗೆ ರಜೆ ಇದ್ದ ದಿನವನ್ನು ಸೊನ್ನೆ ಎಂದು ತುಂಬಿದರೆ ಎಲ್ಲ ಕೆಟ್ಟಿತು. ಸಂದರ್ಶನದಲ್ಲಿ ಈ ಮೂರು ತಪ್ಪನ್ನು ಹೇಗೆ ಕಂಡೆ, ಹೇಗೆ ಸರಿಪಡಿಸಿದೆ ಎಂದು ಹತ್ತು ನಿಮಿಷ ಹೇಳಬಲ್ಲವರು, ಹತ್ತು ಆನ್‌ಲೈನ್ ಕೋರ್ಸ್ ಮುಗಿಸಿದವರಿಗಿಂತ ಮುಂದಿರುತ್ತಾರೆ. ಇಷ್ಟು ಮಾಡಿಕೊಂಡರೆ ಎಂ.ಸಿ.ಎ. ಎಂಬ ಪ್ರಶ್ನೆ ಏಳುವುದಿಲ್ಲ. ಗಣಿತಕ್ಕಿಂತ ಸಾಫ್ಟ್‌ವೇರ್ ಕಟ್ಟುವುದೇ ಇಷ್ಟವಾದರೆ ಮಾತ್ರ ಎಂ.ಸಿ.ಎ. ಸರಿ.

ವಿಮೆಯ ಅಪಾಯ ಲೆಕ್ಕ ಹಾಕುವ ವಿಮಾಗಣಕರ (ಆಕ್ಚುಯರಿ) ದಾರಿಗೆ ಎಂ.ಎಸ್ಸಿ. ಬೇಕೇ ಇಲ್ಲ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದ ಪ್ರವೇಶ ಪರೀಕ್ಷೆ ಪಾಸು ಮಾಡಿ, ಆಮೇಲೆ ಒಂದೊಂದೇ ಪತ್ರಿಕೆ ಬರೆಯುತ್ತಾ ಹೋಗಬೇಕು. ಶುಲ್ಕ ಪ್ರತಿ ಪತ್ರಿಕೆಗೂ ಬೇರೆ, ಪೂರ್ತಿಯಾಗಲು ವರ್ಷಗಳು ಹಿಡಿಯುತ್ತವೆ. ನಾಲ್ಕೈದು ಪತ್ರಿಕೆ ಆದ ಮೇಲೆ ಕೆಲಸದಲ್ಲಿದ್ದುಕೊಂಡೇ ಮುಂದುವರಿಸುವುದು ರೂಢಿ.

ಸರ್ಕಾರಿ ಅಧಿಕಾರಿ ಹುದ್ದೆಗಳಲ್ಲಿ ಒಂದು ಬಲೆ ಇದೆ. ಯುಪಿಎಸ್‌ಸಿಯ ಭಾರತೀಯ ಸಾಂಖ್ಯಿಕ ಸೇವೆಗೆ ಗಣಿತ ಸಾಲದು, ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಬೇಕು, ಅಥವಾ ಸ್ನಾತಕೋತ್ತರ ಪದವಿ ಅದರಲ್ಲೇ ಆಗಿರಬೇಕು. ಡಿಆರ್‌ಡಿಒ ವಿಜ್ಞಾನಿ ‘ಬಿ’ ಹುದ್ದೆಗಳಲ್ಲಿ ಗಣಿತಕ್ಕೂ ಸ್ಥಾನ ಬರುತ್ತದೆ, ಆದರೆ ಗೇಟ್‌ನ ಗಣಿತ ಪತ್ರಿಕೆಯ ಅಂಕ ಬೇಕು. ಕಾರವಾರದ ಐಎನ್‌ಎಸ್ ಕದಂಬ ನೋಡಿ ಬೆಳೆದವರಿಗೆ ನೌಕಾಪಡೆಯ ಶಿಕ್ಷಣ ಶಾಖೆ ಹೊಸತೇನಲ್ಲದಿರಬಹುದು. ಅಲ್ಪಾವಧಿ ಅಧಿಕಾರಿಗಳಾಗಿ ಎಂ.ಎಸ್ಸಿ. ಗಣಿತದವರನ್ನು ತೆಗೆದುಕೊಳ್ಳುತ್ತಾರೆ. ಎಂ.ಎಸ್ಸಿ.ಯಲ್ಲಿ 60 ಶೇಕಡಾ ಇರಬೇಕು, ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಇರಬೇಕು. ಹತ್ತನೇ ಅಥವಾ ಹನ್ನೆರಡನೇ ತರಗತಿಯ ಇಂಗ್ಲಿಷ್‌ನಲ್ಲಿಯೂ 60 ಶೇಕಡಾ ಕೇಳುತ್ತಾರೆ. ಕನ್ನಡ ಮಾಧ್ಯಮದವರು ಮೊದಲು ಆ ಅಂಕಪಟ್ಟಿ ತೆಗೆದು ನೋಡಿ. ವಯೋಮಿತಿಯೂ ಬಿಗಿ, ಎಂ.ಎಸ್ಸಿ. ಮುಗಿಯುತ್ತಿದ್ದಂತೆ ಅರ್ಜಿ ಹಾಕಬೇಕು.

ನೀವು ಎರಡನೇ ವರ್ಷದಲ್ಲಿರುವುದರಿಂದ ಸಮಯವಿದೆ. ಈಗಿನಿಂದ ಬೇಸಿಗೆಯವರೆಗೆ ಸಾಧನೆ ಬರೆಯುವ ಅಭ್ಯಾಸ, ಮಳೆಗಾಲದಲ್ಲಿ ಜ್ಯಾಮ್‌ನ ಹಳೆಯ ಪ್ರಶ್ನೆಪತ್ರಿಕೆಗಳು. ವರ್ಷವಾರು ಬಿಡಿಸಬೇಡಿ, ಮೊದಲು ವಿಷಯವಾರು ಬಿಡಿಸಿ, ಕೊನೆಯ ಐದು ವರ್ಷದವನ್ನು ಮುಟ್ಟದೆ ಡಿಸೆಂಬರಿಗೆ ಇಟ್ಟುಕೊಂಡು ಗಡಿಯಾರ ಇಟ್ಟು ಬರೆಯಿರಿ. ಜುಲೈನಲ್ಲಿ ಇನ್ನೊಂದು ಕೆಲಸ ಮುಗಿಸಿ. ಹಿಂದುಳಿದ ವರ್ಗ ಅಥವಾ ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿ ಅನ್ವಯಿಸಿದರೆ ಜ್ಯಾಮ್‌ಗೆ ಕೇಂದ್ರ ಸರ್ಕಾರದ ನಮೂನೆಯ, ಆ ಆರ್ಥಿಕ ವರ್ಷದ ಪ್ರಮಾಣಪತ್ರ ಬೇಕು. ರಾಜ್ಯದ 2ಎ, 3ಬಿ ಪತ್ರ ನಡೆಯುವುದಿಲ್ಲ, ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲಿ ಇಲ್ಲದಿರುವುದೂ ಉಂಟು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ ‘ಕೇಂದ್ರದ ನಮೂನೆ’ ಎಂದು ಬಾಯಿಬಿಟ್ಟು ಹೇಳಿ, ಕೈಗೆ ಬಂದ ಮೇಲೆ ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆಯೇ ಇವೆಯೇ ಎಂದು ಅಲ್ಲೇ ನಿಂತು ಓದಿಕೊಳ್ಳಿ.